ಸದ್ದಿಗೆ ದಂಡ, ಬ್ರೇಕಿಗೆ ಯಾರು ಹೊಣೆ?

ವರ್ಷಕ್ಕೆ ಒಂದೆರಡು ಬಾರಿಯಾದರೂ ನಮ್ಮ ಪತ್ರಿಕೆಗಳಲ್ಲಿ ಒಂದು ಛಾಯಾಚಿತ್ರ ಪ್ರಕಟವಾಗುತ್ತದೆ. ರಸ್ತೆಯ ಮೇಲೆ ಸಾಲಾಗಿ ಮಲಗಿಸಿದ ಸೈಲೆನ್ಸರ್‌ಗಳು, ಅವುಗಳ ಮೇಲೆ ಉರುಳುತ್ತಿರುವ ರೋಡ್ ರೋಲರ್, ಪಕ್ಕದಲ್ಲಿ ಸಂತೃಪ್ತ ಮುಖದಿಂದ ನಿಂತಿರುವ ಅಧಿಕಾರಿಗಳು. ಕರ್ಕಶ ಸದ್ದು ಮಾಡುತ್ತಿದ್ದ ಬೈಕುಗಳಿಂದ ಕಳಚಿದ ಈ ಕೊಳವೆಗಳು ಅಪ್ಪಚ್ಚಿಯಾಗುವುದನ್ನು ನೋಡಿ ನಾಗರಿಕರಿಗೂ ಸಮಾಧಾನವಾಗುತ್ತದೆ. ನನಗೂ ಆಗುತ್ತದೆ. ರಾತ್ರಿ ಹನ್ನೊಂದಕ್ಕೆ ಮನೆಯ ಮುಂದೆ ಪಟಾಕಿ ಸಿಡಿಸಿದಂತೆ ಹಾದುಹೋಗುವ ಯುವಕನ ಬಗ್ಗೆ ಅರವತ್ತು ದಾಟಿದವರಿಗೆ ಸಹಾನುಭೂತಿ ಹುಟ್ಟುವುದು ಕಷ್ಟ.

ಆದರೆ ಕಳೆದ ಬಾರಿ ಸಿಂದಗಿಗೆ ಹೋಗಿದ್ದಾಗ ಒಬ್ಬ ಮೆಕ್ಯಾನಿಕ್ ಆಡಿದ ಮಾತು ಈ ಸಮಾಧಾನವನ್ನು ಕದಡಿತು. ಪರಿಚಿತರೊಬ್ಬರ ಬೈಕು ಕೆಟ್ಟು ಅವನ ಗ್ಯಾರೇಜಿನ ಮುಂದೆ ಅರ್ಧ ಗಂಟೆ ಕಾಯಬೇಕಾಯಿತು. ಆತ ಹಳೆಯ ನೂರು ಸಿ.ಸಿ. ಬೈಕೊಂದರ ಹಿಂದಿನ ಚಕ್ರ ಬಿಚ್ಚಿದ್ದ. ಡ್ರಮ್ಮಿನೊಳಗಿನ ಬ್ರೇಕ್ ಶೂ ಸವೆದು, ಅಂಟಿಸಿದ ಪಟ್ಟಿಯೇ ಹೋಗಿ, ಬರೀ ಅಲ್ಯೂಮಿನಿಯಂ ಹೊಳೆಯುತ್ತಿತ್ತು. 'ಇದನ್ನು ಹೀಗೇ ಓಡಿಸುತ್ತಿದ್ದರೇ?' ಎಂದು ಕೇಳಿದೆ. ಆತ ನಕ್ಕ. 'ಏನ್ ಮಾಡ್ತೀರಿ ಸಾಹೇಬ್ರ, ಪೊಲೀಸ್ರು ಸೌಂಡ್ ಕೇಳ್ತಾರ, ಹೆಲ್ಮೆಟ್ ಕೇಳ್ತಾರ, ಕಾಗದ ಕೇಳ್ತಾರ. ಬ್ರೇಕ್ ಐತೋ ಇಲ್ಲೋ ಅಂತ ಇಷ್ಟ್ ವರ್ಷದಾಗ ಯಾರೂ ಕೇಳಿಲ್ರಿ.'

ಆತ ಹೇಳಿದ್ದು ಅಕ್ಷರಶಃ ನಿಜ. ಭಾರತದಲ್ಲಿ ಒಂದು ಮೋಟಾರ್ ಸೈಕಲ್ಲಿನ ಬ್ರೇಕನ್ನು ಸರ್ಕಾರದ ಪರವಾಗಿ ಯಾರು, ಯಾವಾಗ ಪರೀಕ್ಷಿಸುತ್ತಾರೆ ಎಂದು ಹುಡುಕುತ್ತ ಹೋದರೆ ಸಿಗುವ ಉತ್ತರ ವಿಚಿತ್ರವಾಗಿದೆ. ಮೊದಲನೆಯದು ಅದು ಹುಟ್ಟುವ ಮುನ್ನ. ತಯಾರಕ ಕಂಪನಿಯು ಹೊಸ ಮಾದರಿಯೊಂದನ್ನು ಪುಣೆಯ ಎಆರ್‌ಎಐನಂತಹ ಮಾನ್ಯತೆ ಪಡೆದ ಸಂಸ್ಥೆಗೆ ಒಪ್ಪಿಸಿ, ಬ್ರೇಕು, ದೀಪ, ಹೊಗೆ, ಸದ್ದು ಎಲ್ಲದರ ಪರೀಕ್ಷೆ ಮುಗಿಸಿ ಒಪ್ಪಿಗೆ ಪಡೆಯಬೇಕು. ಎರಡನೆಯದು ಹದಿನೈದು ವರ್ಷ ತುಂಬಿದಾಗ. ಖಾಸಗಿ ವಾಹನದ ನೋಂದಣಿಯ ಅವಧಿ ಹದಿನೈದು ವರ್ಷ. ಆ ಬಳಿಕ ಐದೈದು ವರ್ಷಕ್ಕೆ ನವೀಕರಿಸುವಾಗ ವಾಹನ ತಪಾಸಣೆಗೆ ಹಾಜರಾಗಬೇಕು. ಮೂರನೆಯದು ಅಪಘಾತವಾದ ಮೇಲೆ. ಮೋಟಾರು ವಾಹನ ಕಾಯ್ದೆಯ 136ನೇ ಕಲಂ ಪ್ರಕಾರ, ಅಪಘಾತಕ್ಕೀಡಾದ ವಾಹನವನ್ನು ಅಧಿಕೃತ ಅಧಿಕಾರಿ ಪರಿಶೀಲಿಸಬಹುದು. ಮೋಟಾರು ವಾಹನ ನಿರೀಕ್ಷಕರು ಪೊಲೀಸ್ ಠಾಣೆಯ ಆವರಣಕ್ಕೆ ಬಂದು, ಜಜ್ಜಿಹೋದ ಬೈಕಿನ ಮುಂದಿನ ಬ್ರೇಕು ಹೇಗಿತ್ತು, ಹಿಂದಿನದು ಹೇಗಿತ್ತು ಎಂದು ಬರೆಯುತ್ತಾರೆ. ಅಂದರೆ ಎಷ್ಟೋ ಬೈಕುಗಳ ವಿಷಯದಲ್ಲಿ, ಕಾರ್ಖಾನೆ ಬಿಟ್ಟ ಮೇಲೆ ಬ್ರೇಕಿನ ಬಗ್ಗೆ ಸರ್ಕಾರಿ ಕಾಗದದಲ್ಲಿ ಮೊದಲ ಅಕ್ಷರ ಬೀಳುವುದೇ ಸವಾರ ಆಸ್ಪತ್ರೆಯನ್ನೋ ಶವಾಗಾರವನ್ನೋ ಸೇರಿದ ಮೇಲೆ.

ನಡುವಿನ ಹದಿನೈದು ವರ್ಷಗಳಲ್ಲಿ ಉಳಿಯುವುದು ಹೊಗೆ ತಪಾಸಣೆಯ ಚೀಟಿ ಮಾತ್ರ. ನೋಂದಣಿಯಾಗಿ ಒಂದು ವರ್ಷ ಕಳೆದ ಬಳಿಕ ಹಳೆಯ ವಾಹನಗಳಿಗೆ ಆರು ತಿಂಗಳಿಗೊಮ್ಮೆ, ಬಿಎಸ್-4 ಮತ್ತು ಬಿಎಸ್-6 ವಾಹನಗಳಿಗೆ ವರ್ಷಕ್ಕೊಮ್ಮೆ ಇದು ಕಡ್ಡಾಯ. ಈ ಪರೀಕ್ಷೆಯಲ್ಲಿ ನೋಡುವುದು ಎಂಜಿನ್ ನಿಂತಲ್ಲೇ ತಿರುಗುತ್ತಿರುವಾಗ ಹೊರಬರುವ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಪ್ರಮಾಣವನ್ನು. ಸದ್ದನ್ನೂ ಅಳೆಯುವುದಿಲ್ಲ, ಬ್ರೇಕನ್ನೂ ಒತ್ತಿ ನೋಡುವುದಿಲ್ಲ. ಟಯರ್ ಬೋಳಾಗಿದ್ದರೂ ಚೀಟಿ ಸಿಗುತ್ತದೆ. ಹಿಂದಿನ ದೀಪ ಇಲ್ಲದಿದ್ದರೂ ಸಿಗುತ್ತದೆ.

ನಾನು ಇಂಡಿ ಉಪವಿಭಾಗದಲ್ಲಿ ಸೇವೆ ಸಲ್ಲಿಸಿದ್ದು ತೊಂಬತ್ತರ ದಶಕದಲ್ಲಿ. ಆಗ ಇನ್ನೂ ಬಿಜಾಪುರ ಎಂದೇ ಕರೆಯುತ್ತಿದ್ದ ಜಿಲ್ಲೆಯಲ್ಲಿ ವಿಜಯಪುರ ನಗರವನ್ನು ಬಿಟ್ಟರೆ ನಾಲ್ಕೇ ತಾಲ್ಲೂಕು: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಹಳ್ಳಿಯಲ್ಲಿ ಬೈಕು ಎಂದರೆ ಗ್ರಾಮ ಸೇವಕನ ಲೂನಾ, ಹಾಲಿನವನ ಎಂ-80, ಅನುಕೂಲಸ್ಥ ರೈತನ ರಾಜದೂತ್ ಅಥವಾ ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ. ಊರಿಗೆ ನಾಲ್ಕೈದು ಇದ್ದರೆ ಹೆಚ್ಚು. ಬಸ್ಸು ತಪ್ಪಿದರೆ ಮರುದಿನದವರೆಗೆ ಕಾಯುವುದು ಸಾಮಾನ್ಯವಾಗಿತ್ತು. ಇಂದು ಭೀಮಾ ತೀರದಿಂದ ಕೃಷ್ಣಾ ತೀರದವರೆಗೆ ಬೈಕಿಲ್ಲದ ಓಣಿಯಿಲ್ಲ. ಇಂಡಿಯ ಲಿಂಬೆ ತೋಟದಿಂದ ಪೇಟೆಗೆ, ಆಲಮಟ್ಟಿ ಹಿನ್ನೀರಿನ ಪುನರ್ವಸತಿ ಗ್ರಾಮಗಳಿಂದ ನಿಡಗುಂದಿಗೆ, ನಾಲತವಾಡದಿಂದ ಮುದ್ದೇಬಿಹಾಳದ ಕಾಲೇಜಿಗೆ ಜನರನ್ನು ಸಾಗಿಸುವುದು ಬಸ್ಸಿಗಿಂತ ಹೆಚ್ಚಾಗಿ ಈ ದ್ವಿಚಕ್ರ ವಾಹನವೇ. ದೇಶದಲ್ಲಿ ನೋಂದಣಿಯಾಗಿರುವ ವಾಹನಗಳ ಪೈಕಿ ಸುಮಾರು ಮುಕ್ಕಾಲು ಪಾಲು ಇವೇ.

ಸಾವಿನ ಲೆಕ್ಕದಲ್ಲೂ ಇವುಗಳದ್ದೇ ಮೊದಲ ಸ್ಥಾನ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ದ್ವಿಚಕ್ರ ವಾಹನದಲ್ಲಿದ್ದವರು 74,897. ಕರ್ನಾಟಕದಲ್ಲಿ ಆ ವರ್ಷ ಸತ್ತವರು 11,702.

ಇಲ್ಲಿ ಓದುಗರು ಒಂದು ಆಕ್ಷೇಪ ಎತ್ತಬಹುದು; ಅದು ನ್ಯಾಯವಾದ ಆಕ್ಷೇಪ. ಸತ್ತವರಲ್ಲಿ ಬಹುಪಾಲು ಮಂದಿ ಅತಿವೇಗಕ್ಕೆ ಬಲಿಯಾದರೆಂದು ಅದೇ ವರದಿ ಹೇಳುತ್ತದೆ. ಐವತ್ತು ಸಾವಿರದಷ್ಟು ಮಂದಿ ಹೆಲ್ಮೆಟ್ ಧರಿಸಿರಲಿಲ್ಲ. ಹೀಗಿರುವಾಗ ಬ್ರೇಕ್ ಶೂ ಬಗ್ಗೆ ಇಷ್ಟೇಕೆ ತಲೆಕೆಡಿಸಿಕೊಳ್ಳಬೇಕು? ವೇಗ, ಹೆಲ್ಮೆಟ್, ಕುಡಿತ ಈ ಮೂರೂ ಯಂತ್ರದೋಷಕ್ಕಿಂತ ದೊಡ್ಡ ಕಾರಣಗಳೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 'ಅತಿವೇಗ' ಎಂಬ ಕಾಲಂ ಹೇಗೆ ತುಂಬುತ್ತದೆ ಎಂಬುದು ಆಡಳಿತದಲ್ಲಿದ್ದವರಿಗೆ ಗೊತ್ತು. ಪ್ರಥಮ ವರ್ತಮಾನ ವರದಿಯಲ್ಲಿ 'ಅತಿವೇಗ ಮತ್ತು ನಿಷ್ಕಾಳಜಿಯಿಂದ' ಎಂಬ ಪದಪುಂಜ ಮುದ್ರಿತ ನಮೂನೆಯಷ್ಟೇ ಸಹಜವಾಗಿ ಬಂದು ಕೂರುತ್ತದೆ. ನಿರೀಕ್ಷಕರ ವರದಿಯ ಕೊನೆಗೆ 'ಅಪಘಾತವು ವಾಹನದ ಯಾಂತ್ರಿಕ ದೋಷದಿಂದ ಉಂಟಾದುದಲ್ಲ' ಎಂಬ ವಾಕ್ಯವೂ ಅಷ್ಟೇ ಸಹಜ. ನಾನು ನೋಡಿದ ಕಡತಗಳಲ್ಲಿ ಇದಕ್ಕಿಂತ ಭಿನ್ನ ವಾಕ್ಯ ಓದಿದ ನೆನಪು ಬಹಳ ಕಡಿಮೆ. ನಲವತ್ತು ಕಿಲೋಮೀಟರ್ ವೇಗದಲ್ಲಿ ಹದಿನೈದು ಮೀಟರಿನಲ್ಲಿ ನಿಲ್ಲಬೇಕಾದ ಬೈಕು ಬ್ರೇಕು ಸವೆದು ಮೂವತ್ತು ಮೀಟರ್ ಜಾರಿದರೆ, ಅದನ್ನು ವೇಗದ ಲೆಕ್ಕಕ್ಕೆ ಹಾಕುವುದೋ ಬ್ರೇಕಿನ ಲೆಕ್ಕಕ್ಕೆ ಹಾಕುವುದೋ?

ಇನ್ನು ಮಾರ್ಪಾಡುಗಳ ವಿಷಯ. ಈ ಕುರಿತ ಕಾನೂನು ಸಡಿಲವಾಗಿದೆ ಎಂಬ ಭಾವನೆ ಜನರಲ್ಲಿದೆ. ವಾಸ್ತವದಲ್ಲಿ ಅದು ಅತ್ಯಂತ ಬಿಗಿಯಾಗಿದೆ. 1988ರ ಕಾಯ್ದೆಯ 52ನೇ ಕಲಂ ಮೊದಲಿಗೆ, ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಒಪ್ಪಿಗೆ ಪಡೆದು ವಾಹನವನ್ನು ಮಾರ್ಪಡಿಸಲು ಅವಕಾಶ ಕೊಟ್ಟಿತ್ತು. 2000ದ ತಿದ್ದುಪಡಿ ಈ ಬಾಗಿಲನ್ನು ಮುಚ್ಚಿತು. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಬೇರೆಯಾಗುವಂತೆ ಯಾವ ಮಾಲೀಕನೂ ವಾಹನವನ್ನು ಬದಲಿಸುವಂತಿಲ್ಲ. ಬೇರೆ ಇಂಧನಕ್ಕೆ ಪರಿವರ್ತನೆ, ಅಂಗವಿಕಲರ ಬಳಕೆಗೆ ಹೊಂದಿಸುವುದು ಮುಂತಾದ ಕೆಲವು ವಿನಾಯಿತಿಗಳಿವೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2019ರ ಜನವರಿ 9ರಂದು, ಅಲ್ಲಿನ ಹೈಕೋರ್ಟ್ ಕೊಟ್ಟಿದ್ದ ಸಡಿಲ ವ್ಯಾಖ್ಯಾನವನ್ನು ತಳ್ಳಿಹಾಕಿ, ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾದ ಬದಲಾವಣೆಗೆ ಅವಕಾಶವಿಲ್ಲ ಎಂದು ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆ 182ಎ ಕಲಂ ತಂದು, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಿತು. ಸದ್ದಿನ ಮಿತಿ ಮೀರಿದರೆ 190ನೇ ಕಲಂನ ಎರಡನೇ ಉಪಕಲಂ ಅಡಿ ಹತ್ತು ಸಾವಿರದವರೆಗೆ ದಂಡ, ಜೊತೆಗೆ ಮೂರು ತಿಂಗಳು ಚಾಲನಾ ಪರವಾನಗಿಗೆ ಅನರ್ಹತೆ.

ಸದ್ದಿನ ಮಿತಿಯೂ ಅಸ್ಪಷ್ಟವಲ್ಲ. ತಯಾರಿಕೆಯ ಹಂತದಲ್ಲಿ 80 ಸಿ.ಸಿ.ವರೆಗಿನ ದ್ವಿಚಕ್ರ ವಾಹನಕ್ಕೆ 75 ಡೆಸಿಬಲ್, 175 ಸಿ.ಸಿ.ವರೆಗೆ 77, ಅದಕ್ಕಿಂತ ದೊಡ್ಡದಕ್ಕೆ 80 ಎಂದು 2003ರಲ್ಲೇ ಗೊತ್ತುಪಡಿಸಲಾಗಿದೆ. ಆದರೆ ರಸ್ತೆಯಲ್ಲಿ ಬೈಕು ತಡೆಯುವ ಸಿಬ್ಬಂದಿಯ ಬಳಿ ಸಾಮಾನ್ಯವಾಗಿ ಇರುವ ಮಾಪನ ಸಾಧನ ಅವರ ಕಿವಿ ಮಾತ್ರ. ಸೈಲೆನ್ಸರನ್ನು ಅಲ್ಲಿಯೇ ಕಳಚಿಸಿ, ವಾರದ ಬಳಿಕ ರೋಲರ್ ಹತ್ತಿಸುವುದು ಕಾನೂನಿನ ಯಾವ ಪ್ರಕ್ರಿಯೆಯಡಿ ಎಂಬ ಪ್ರಶ್ನೆಯನ್ನು ಯಾರಾದರೂ ನ್ಯಾಯಾಲಯದಲ್ಲಿ ಎತ್ತಿದರೆ ಉತ್ತರ ಕೊಡುವುದು ಸುಲಭವಾಗಲಾರದು. ವಶಪಡಿಸಿಕೊಂಡ ಸ್ವತ್ತಿನ ವಿಲೇವಾರಿಗೆ ನ್ಯಾಯಾಲಯದ ಆದೇಶ ಬೇಕೆಂಬುದನ್ನು ತಾಲ್ಲೂಕು ದಂಡಾಧಿಕಾರಿಯಾಗಿದ್ದವನು ಮರೆಯಲಾರ. ಅಂತಹ ಆದೇಶ ಪಡೆದೇ ನಾಶಪಡಿಸಿದ ಕಡೆ ನನ್ನ ತಕರಾರಿಲ್ಲ.

ಕಾನೂನು ಬಿಗಿಯಾಗಿದ್ದರೂ ಅದು ಯಾರನ್ನು ಹಿಡಿಯುತ್ತದೆ ಎಂಬುದೇ ಮುಖ್ಯ. ಈ ನಾಲ್ಕು ತಾಲ್ಲೂಕುಗಳ ಯಾವುದೇ ಬಸ್ ನಿಲ್ದಾಣದ ಎದುರು ಬೆಳಗಿನ ಒಂದು ತಾಸು ನಿಂತರೆ ಎರಡು ಬಗೆಯ ಮಾರ್ಪಾಡುಗಳು ಕಾಣುತ್ತವೆ. ಒಂದು ಶೋಕಿಯದು. ಬಾಲ ಕತ್ತರಿಸಿ ಮೇಲಕ್ಕೆ ಮಡಚಿದ ನಂಬರ್ ಪ್ಲೇಟು, ಕಿತ್ತುಹಾಕಿದ ಕನ್ನಡಿ ಹಾಗೂ ಸೀರೆ ಗಾರ್ಡು, ಕಣ್ಣು ಕೋರೈಸುವ ಬಿಳಿ ಎಲ್‌ಇಡಿ ದೀಪ, ಗುಡುಗುವ ಸೈಲೆನ್ಸರ್. ಇನ್ನೊಂದು ಹೊಟ್ಟೆಪಾಡಿನದು. ಹಿಂಬದಿಯ ಎರಡೂ ಪಕ್ಕಕ್ಕೆ ಹಾಲಿನ ಕ್ಯಾನ್ ತೂಗುಹಾಕಲು ವೆಲ್ಡಿಂಗ್ ಮಾಡಿಸಿದ ಕಬ್ಬಿಣದ ಚೌಕಟ್ಟು, ಪ್ಲಾಸ್ಟಿಕ್ ಕೊಡಗಳನ್ನು ಗೋಪುರದಂತೆ ಕಟ್ಟಲು ನಿಲ್ಲಿಸಿದ ಸರಳುಗಳು, ಮೇವಿನ ಹೊರೆಗೆಂದು ಅಗಲ ಮಾಡಿದ ಕ್ಯಾರಿಯರ್. ಎತ್ತಿನ ಜೋಡಿಯ ಬೆಲೆ ಕೈಗೆಟುಕದಾದ ಮೇಲೆ ಬೈಕಿನ ಹಿಂದೆ ಎಡೆಕುಂಟೆ ಕಟ್ಟಿ ಕಳೆ ತೆಗೆಯುವ ರೈತರನ್ನೂ ಕಂಡಿದ್ದೇನೆ. ಅದು ಹೊಲದೊಳಗಿನ ಮಾತು; ಅವರ ಜಾಣ್ಮೆಗೆ ತಲೆದೂಗಬೇಕು. ಆದರೆ ಅದೇ ಬೈಕು ಸಂಜೆ ಸವೆದ ಚೈನು, ಕಾದು ಸೋತ ಕ್ಲಚ್ಚಿನೊಂದಿಗೆ ಮೂವರನ್ನು ಕೂರಿಸಿಕೊಂಡು ಹೆದ್ದಾರಿಗೆ ಬರುತ್ತದೆ.

ಶೋಕಿಯ ಮಾರ್ಪಾಡು ಪೊಲೀಸರ ಕಣ್ಣಿಗೂ ಕಿವಿಗೂ ಬೀಳುತ್ತದೆ. ಹೊಟ್ಟೆಪಾಡಿನ ಮಾರ್ಪಾಡಿನ ಬಗ್ಗೆ ಅವರು ಕರುಣೆಯಿಂದ ಕಣ್ಣು ಮುಚ್ಚುತ್ತಾರೆ. ಈ ಕರುಣೆ ನನಗೆ ಅರ್ಥವಾಗುತ್ತದೆ. 2025-26ರಲ್ಲಿ ಕರ್ನಾಟಕಕ್ಕೆ ನಿಗದಿಯಾಗಿದ್ದ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ. ಐದು ಸಾವಿರದ ದಂಡವೆಂದರೆ ಹದಿಮೂರು, ಹದಿನಾಲ್ಕು ದಿನದ ದುಡಿಮೆ. ಅದೂ ಒಂದು ಮಾರ್ಪಾಡಿಗೆ. ಇಂತಹ ದಂಡವನ್ನು ಹಾಕುವ ಅಧಿಕಾರಿಗೂ ಮನಸ್ಸು ಬಾರದು, ಹಾಕಿದರೆ ವಸೂಲಾಗದು. ಪಾವತಿಸಲಾಗದಷ್ಟು ದೊಡ್ಡ ದಂಡ ಕೊನೆಗೆ ಚೌಕಾಸಿಯ ಸರಕಾಗುತ್ತದೆ ಎಂಬುದು ಅರ್ಥಶಾಸ್ತ್ರ ಓದದವರಿಗೂ ಗೊತ್ತಿರುವ ಸಂಗತಿ. ಕೇಂದ್ರವು 2019ರಲ್ಲಿ ಏರಿಸಿದ ದಂಡಗಳಲ್ಲಿ ಹಲವನ್ನು ರಾಜ್ಯ ಸರ್ಕಾರ ತಿಂಗಳೊಳಗೆ ಇಳಿಸಬೇಕಾಯಿತು. ಬಾಕಿ ದಂಡಕ್ಕೆ 2023ರಲ್ಲೂ 2025ರಲ್ಲೂ ಅರ್ಧಕ್ಕರ್ಧ ರಿಯಾಯಿತಿ ಘೋಷಿಸಬೇಕಾಯಿತು. ತಕ್ಷಣ ಕಟ್ಟಿದವನು ಮೂರ್ಖ, ಕಾದವನು ಜಾಣ ಎಂದು ಸರ್ಕಾರವೇ ಕಲಿಸಿಕೊಟ್ಟಂತಾಯಿತು. ಅತಿ ಸುರಕ್ಷಿತ ನೋಂದಣಿ ಫಲಕದ ಗಡುವನ್ನೂ 2023ರ ನವೆಂಬರಿನಿಂದ ಎಷ್ಟು ಬಾರಿ ಮುಂದೂಡಲಾಯಿತೆಂದು ಲೆಕ್ಕವಿಡುವುದನ್ನು ನಾನು ಬಿಟ್ಟಿದ್ದೇನೆ.

ಆದರೆ ಕಣ್ಣು ಮುಚ್ಚುವುದರಿಂದ ಹಾಲಿನವನ ಬೈಕು ಸುರಕ್ಷಿತವಾಗುವುದಿಲ್ಲ. ನಲವತ್ತು ಲೀಟರಿನ ಎರಡು ಕ್ಯಾನ್ ಎಂದರೆ ಹಾಲೇ ಎಂಬತ್ತು ಕಿಲೋ ದಾಟುತ್ತದೆ. ಕ್ಯಾನಿನ ತೂಕ, ಚೌಕಟ್ಟಿನ ತೂಕ ಬೇರೆ. ಇದು ಹಿಂದೆ ಕೂರುವ ಒಬ್ಬ ದಪ್ಪನೆಯ ಮನುಷ್ಯನಿಗಿಂತ ಹೆಚ್ಚು, ಅದೂ ಚಕ್ರದ ಎರಡು ಪಕ್ಕಕ್ಕೆ ಜೋತುಬಿದ್ದು. ಅರ್ಧ ತುಂಬಿದ ಕ್ಯಾನಿನೊಳಗೆ ಹಾಲು ಅತ್ತಿತ್ತ ಹೊಯ್ದಾಡುವುದು ತಿರುವಿನಲ್ಲಿ ಇನ್ನಷ್ಟು ಅಪಾಯ. ಇದನ್ನೆಲ್ಲ ನಿಲ್ಲಿಸಬೇಕಾದುದು ನೂರು ಸಿ.ಸಿ. ಬೈಕಿನ ಡ್ರಮ್ ಬ್ರೇಕು. 125 ಸಿ.ಸಿ.ಗಿಂತ ದೊಡ್ಡ ಹೊಸ ಬೈಕುಗಳಿಗೆ ಎಬಿಎಸ್, ಚಿಕ್ಕವಕ್ಕೆ ಮುಂದಿನ ಹಾಗೂ ಹಿಂದಿನ ಬ್ರೇಕು ಒಟ್ಟಿಗೆ ಹಿಡಿಯುವ ಸಿಬಿಎಸ್ ವ್ಯವಸ್ಥೆ 2019ರ ಏಪ್ರಿಲ್‌ನಿಂದ ಕಡ್ಡಾಯವಾಯಿತು. ಆದರೆ ಹಳ್ಳಿಯ ರಸ್ತೆಯಲ್ಲಿ ದುಡಿಯುತ್ತಿರುವ ಬೈಕುಗಳಲ್ಲಿ ಎಷ್ಟೋ ಅದಕ್ಕೂ ಹಿಂದಿನವು.

ವಿಪರ್ಯಾಸವೆಂದರೆ, ಬೈಕಿಗೆ ಸಾಮಾನು ಪೆಟ್ಟಿಗೆ ಕಟ್ಟುವ ಬಗ್ಗೆ ಕೇಂದ್ರ ಸರ್ಕಾರ ನಿಯಮ ರೂಪಿಸಿಲ್ಲವೆಂದೇನೂ ಇಲ್ಲ. 2020ರಲ್ಲಿ ಅದು ಮೋಟಾರ್ ಸೈಕಲ್ಲಿಗೆ ಹಗುರ ಪೆಟ್ಟಿಗೆ ಅಳವಡಿಸಲು ಅವಕಾಶ ಕೊಟ್ಟು, ಉದ್ದ 550, ಅಗಲ 510, ಎತ್ತರ 500 ಮಿಲಿಮೀಟರ್ ಮೀರಬಾರದೆಂದು ಗೊತ್ತುಪಡಿಸಿತು. ಪೆಟ್ಟಿಗೆ ಹಿಂಬದಿ ಸೀಟಿನ ಜಾಗದಲ್ಲಿದ್ದರೆ ಸವಾರನೊಬ್ಬನೇ ಹೋಗಬೇಕೆಂದೂ ಹೇಳಿತು. ಈ ಅಳತೆ ಬೆಂಗಳೂರಿನಲ್ಲಿ ಮನೆಮನೆಗೆ ಊಟ ತಲುಪಿಸುವ ಹುಡುಗನ ಚೀಲಕ್ಕೆ ಸರಿಹೊಂದುತ್ತದೆ. ಅವನಿಗೆ ನಿಯಮ ಬೇಕಿತ್ತು, ಬಂತು, ಸಂತೋಷ. ಅವನಿಗಿಂತ ಅರ್ಧ ಶತಮಾನ ಮೊದಲೇ ಬೈಕಿಗೆ ಕ್ಯಾನ್ ಕಟ್ಟಿದ ಹಾಲಿನವನಿಗೆ ಅಂತಹ ಅಳತೆಯೊಂದನ್ನು ಯಾರೂ ಬರೆದುಕೊಡಲಿಲ್ಲ. ಆದ್ದರಿಂದ ಸಿಂದಗಿಯಲ್ಲಾಗಲಿ ತಾಳಿಕೋಟೆಯಲ್ಲಾಗಲಿ ಕ್ಯಾನಿನ ಚೌಕಟ್ಟಿನ ಅಗಲ ಎಷ್ಟಿರಬೇಕೆಂದು ತೀರ್ಮಾನಿಸುವವನು ವೆಲ್ಡಿಂಗ್ ಅಂಗಡಿಯವನು. ಚೌಕಟ್ಟು ಹಿಂದಿನ ದೀಪವನ್ನೂ ತಿರುವು ಸೂಚಕವನ್ನೂ ಮುಚ್ಚಿದರೆ ಅದು ಅವನ ತಪ್ಪಲ್ಲ.

ದೀಪದ ಮಾತು ಬಂದುದರಿಂದ ಇನ್ನೊಂದು ಸಂಗತಿ. 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಕಣ್ಣು ಕೋರೈಸುವ ಎಲ್‌ಇಡಿ ದೀಪಗಳ ವಿರುದ್ಧ ವಿಶೇಷ ಕಾರ್ಯಾಚರಣೆ ನಡೆಸಿದರು. ಒಳ್ಳೆಯ ಕೆಲಸ. ಆದರೆ ಕಬ್ಬಿನ ಹಂಗಾಮಿನಲ್ಲಿ ಇಂಡಿಯಿಂದ ಬಾಗೇವಾಡಿಯವರೆಗೆ ರಾತ್ರಿ ಪ್ರಯಾಣ ಮಾಡಿದವರಿಗೆ ಇದರ ಮತ್ತೊಂದು ಮಗ್ಗುಲು ಗೊತ್ತಿರುತ್ತದೆ. ಮುಂದೆ ಹೋಗುತ್ತಿರುವ ಎರಡು ಟ್ರೇಲರಿನ ಟ್ರ್ಯಾಕ್ಟರಿಗೆ ಹಿಂದೆ ಕೆಂಪು ದೀಪವಿಲ್ಲ, ಪ್ರತಿಫಲಕವೂ ಇಲ್ಲ. ಎದುರಿನಿಂದ ಬರುವ ದೀಪಕ್ಕೆ ಬೈಕ್ ಸವಾರ ಕುರುಡನಾಗುತ್ತಾನೆ. ಅವನ ಸವೆದ ಬ್ರೇಕಿಗೆ ಉಳಿಯುವ ಅಂತರ ಹತ್ತು ಮಾರು. ಒಂದು ಅಪಘಾತದಲ್ಲಿ ಮೂರು ವಾಹನಗಳ ಮೂರು ಲೋಪಗಳು ಸೇರುತ್ತವೆ. ಕಡತದಲ್ಲಿ ದಾಖಲಾಗುವುದು ಸತ್ತವನ 'ನಿಷ್ಕಾಳಜಿ'. ನನ್ನ ಸಹಪಾಠಿಯೊಬ್ಬರು ಇಪ್ಪತ್ತೆರಡು ವರ್ಷದ ಮೊಮ್ಮಗನನ್ನು ಹೀಗೆಯೇ ಕಳೆದುಕೊಂಡರು. ಹೊಸ ಬೈಕು ಕೊಡಿಸಲಾಗದೆ ಸಂತೆಯಲ್ಲಿ ಹಳೆಯದನ್ನು ಕೊಡಿಸಿದ್ದ ಅವರು ಇಂದಿಗೂ ಒಂದೇ ಪ್ರಶ್ನೆ ಕೇಳುತ್ತಾರೆ: 'ಅದರ ಬ್ರೇಕ್ ಹೆಂಗಿತ್ತೋ ನಾ ನೋಡಲಿಲ್ಲಲ್ಲೋ.' ಅವರು ನೋಡಬೇಕಾಗಿತ್ತೇ? ನೋಡಿದ್ದರೂ ಡ್ರಮ್ಮಿನೊಳಗಿನ ಸವೆತ ಅವರಿಗೆ ಕಾಣುತ್ತಿತ್ತೇ?

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಪ್ರಬಂಧ ಪರಿಚಿತ. ಹಳೆಯ ಕಾರಿನ ಮಾರುಕಟ್ಟೆಯಲ್ಲಿ ಕಾರಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹೀಗಾಗಿ ಒಳ್ಳೆಯದಕ್ಕೂ ಕೆಟ್ಟದಕ್ಕೂ ಒಂದೇ ಬೆಲೆ ಬಂದು, ಒಳ್ಳೆಯ ಮಾಲು ಮಾರುಕಟ್ಟೆಯಿಂದಲೇ ಹಿಂದೆ ಸರಿಯುತ್ತದೆ ಎಂಬುದು ಅದರ ತಿರುಳು. 2001ರ ನೊಬೆಲ್ ಪುರಸ್ಕಾರದಲ್ಲಿ ಅವರಿಗೂ ಪಾಲು ದೊರೆಯಿತು. ಕೆಟ್ಟ ಕಾರನ್ನು ಅಮೆರಿಕನ್ನರು ಆಡುಮಾತಿನಲ್ಲಿ 'ಲೆಮನ್' ಎನ್ನುತ್ತಾರೆ. ಪ್ರಬಂಧದ ಶೀರ್ಷಿಕೆಯಲ್ಲೂ ಅದೇ ಪದವಿದೆ. ಇಂಡಿಯಲ್ಲಿದ್ದಾಗ ಈ ಪದಪ್ರಯೋಗ ನೆನೆದು ನಗು ಬರುತ್ತಿತ್ತು. ಭೌಗೋಳಿಕ ಸೂಚ್ಯಂಕ ಪಡೆದಿರುವ ಇಂಡಿಯ ಲಿಂಬೆಯ ವಿಷಯದಲ್ಲಿ ಮೋಸಕ್ಕೆ ಅಷ್ಟು ಆಸ್ಪದವಿಲ್ಲ. ವ್ಯಾಪಾರಿ ಡಾಗು ಸುರಿಸಿ, ಸಿಪ್ಪೆ ನೋಡಿ, ಹಿಚುಕಿ, ಗಾತ್ರದ ಮೇಲೆ ಬೇರ್ಪಡಿಸಿ ಬೆಲೆ ಕಟ್ಟುತ್ತಾನೆ. ಅದೇ ಊರಿನಲ್ಲಿ ಅವನ ಹತ್ತರಷ್ಟು ಹಣಕ್ಕೆ ಹಳೆಯ ಬೈಕು ಕೈ ಬದಲಾಗುವಾಗ ನೋಡುವುದು ಪೇಂಟು ಮತ್ತು ಕಾಗದಪತ್ರ ಮಾತ್ರ. ಗಡಿಯಾಚೆಯ ಸೊಲ್ಲಾಪುರದ ಎಂ.ಎಚ್. 13 ಸಂಖ್ಯೆಯ ಬೈಕುಗಳ ವಿಷಯದಲ್ಲಿ ಎಷ್ಟೋ ಸಲ ಕಾಗದವೂ ಇರುವುದಿಲ್ಲ.

ಹಾಗಾದರೆ ಪ್ರತಿ ವರ್ಷ ಎಲ್ಲ ಬೈಕುಗಳಿಗೂ ತಪಾಸಣೆ ಕಡ್ಡಾಯ ಮಾಡಿದರೆ? ಬ್ರಿಟನ್ನಿನಲ್ಲಿ ಮೂರು ವರ್ಷ ತುಂಬಿದ ಬೈಕಿಗೆ ವರ್ಷಕ್ಕೊಮ್ಮೆ, ಜರ್ಮನಿಯಲ್ಲಿ ಎರಡು ವರ್ಷಕ್ಕೊಮ್ಮೆ ತಪಾಸಣೆ ಇದೆ. ಫ್ರಾನ್ಸ್ ಮಾತ್ರ ಬಹುಕಾಲ ಹಿಂಜರಿಯಿತು. ಐರೋಪ್ಯ ಒಕ್ಕೂಟದ 2014ರ ನಿರ್ದೇಶನವು 125 ಸಿ.ಸಿ.ಗಿಂತ ದೊಡ್ಡ ಬೈಕುಗಳ ತಪಾಸಣೆಯನ್ನು 2022ರಿಂದ ಜಾರಿಗೆ ತರುವಂತೆ ಅಥವಾ ಪರ್ಯಾಯ ಸುರಕ್ಷತಾ ಕ್ರಮ ಕೈಗೊಳ್ಳುವಂತೆ ಹೇಳಿದಾಗ ಅಲ್ಲಿನ ಬೈಕ್ ಸವಾರರು ಬೀದಿಗಿಳಿದರು. ಸರ್ಕಾರ ಹಿಂದೇಟು ಹಾಕಿತು. ಕೊನೆಗೆ ದೇಶದ ಅತ್ಯುನ್ನತ ಆಡಳಿತ ನ್ಯಾಯಾಲಯ ಚಾಟಿ ಬೀಸಿದ ಮೇಲೆ 2024ರ ಏಪ್ರಿಲ್‌ನಿಂದ ಜಾರಿಯಾಯಿತು. ಜಪಾನಿನಲ್ಲಿ 250 ಸಿ.ಸಿ.ವರೆಗಿನ ಬೈಕುಗಳಿಗೆ ಈ ತಪಾಸಣೆಯಿಂದ ವಿನಾಯಿತಿ ಇದೆ. ನಮ್ಮ ಹಳ್ಳಿಯ ಬೈಕು ಜಪಾನಿನ ನಿಯಮಕ್ಕೂ ಒಳಪಡುವುದಿಲ್ಲ, ಐರೋಪ್ಯ ನಿರ್ದೇಶನಕ್ಕೂ ಒಳಪಡುವುದಿಲ್ಲ. ಅವರಿಗೆ ದೊಡ್ಡ ಬೈಕು ಬಹುಮಟ್ಟಿಗೆ ವಿನೋದದ ವಾಹನ. ನಮಗೆ ಚಿಕ್ಕ ಬೈಕು ಸಂಸಾರದ ಬಂಡಿ. ಅಲ್ಲಿಯ ನಿಯಮವನ್ನು ಹಾಗೆಯೇ ತಂದು ಇಲ್ಲಿ ನೆಡಲಾಗದು.

ಜರ್ಮನಿಯಿಂದ ಕಲಿಯಬೇಕಾದ ಒಂದು ಕ್ರಮವಿದೆ. ಅಲ್ಲಿ ಮಾರ್ಪಾಡು ನಿಷಿದ್ಧವಲ್ಲ. ಒಪ್ಪಿಗೆ ಪತ್ರವಿರುವ ಬಿಡಿಭಾಗವನ್ನು ಹಾಕಿಸಬಹುದು. ಉಳಿದುದನ್ನು ಪರಿಣತರು ಪರೀಕ್ಷಿಸಿ ವಾಹನದ ದಾಖಲೆಯಲ್ಲಿ ನಮೂದಿಸುತ್ತಾರೆ. ನಮ್ಮಲ್ಲಿ ಕಾನೂನು 'ಬೇಡ' ಎನ್ನುತ್ತದೆ, ಬೀದಿ 'ಮಾಡು' ಎನ್ನುತ್ತದೆ. ನಡುವೆ ಪರೀಕ್ಷಿಸಿ ಒಪ್ಪುವ ವ್ಯವಸ್ಥೆಯೇ ಇಲ್ಲ.

ವಾರ್ಷಿಕ ತಪಾಸಣೆಗೆ ನನ್ನ ವಿರೋಧಕ್ಕೆ ಇನ್ನೊಂದು ಕಾರಣವಿದೆ. ಮೂರು ದಶಕಗಳ ಸೇವೆಯಲ್ಲಿ ನಾನು ಕಂಡಂತೆ, ಕೋಟಿಗಟ್ಟಲೆ ಜನರಿಗೆ ಪ್ರತಿ ವರ್ಷ ಬೇಕಾಗುವ ಪ್ರಮಾಣಪತ್ರ ಬೇಗನೆ ಮಾರಾಟದ ವಸ್ತುವಾಗುತ್ತದೆ. ಹೊಗೆ ತಪಾಸಣೆಯ ಚೀಟಿಯ ಕಥೆ ಓದುಗರಿಗೆ ಗೊತ್ತೇ ಇದೆ. ಹದಿನೈದು ವರ್ಷದ ನವೀಕರಣದ ತಪಾಸಣೆಯೂ ಎಲ್ಲೆಡೆ ತಪಾಸಣೆಯಾಗಿ ಉಳಿದಿಲ್ಲ. ನನ್ನದೇ ಹಳೆಯ ಸ್ಕೂಟರನ್ನು ಒಂದು ಕಚೇರಿಗೆ ಒಯ್ದಾಗ ಚಾಸಿಸ್ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿಸಿಕೊಂಡರು. ಬ್ರೇಕ್ ಹಿಡಿಯಲು ಹೇಳಲಿಲ್ಲ, ದೀಪ ಹಚ್ಚಲು ಹೇಳಲಿಲ್ಲ. ವಾಹನ ಕದ್ದದ್ದಲ್ಲ ಎಂಬುದು ಖಚಿತವಾಯಿತು. ಅದು ನಿಲ್ಲುತ್ತದೆಯೇ ಎಂಬುದು ಖಚಿತವಾಗಲಿಲ್ಲ. ನವೀಕರಣ ಶುಲ್ಕ 300ರಿಂದ 2022ರಲ್ಲಿ 1,000 ರೂಪಾಯಿಗೆ ಏರಿತು. ಇಪ್ಪತ್ತು ವರ್ಷ ಮೀರಿದ ಬೈಕುಗಳಿಗೆ 2025ರ ಆಗಸ್ಟಿನಲ್ಲಿ 2,000 ಆಯಿತು. ಹಳೆಯ ವಾಹನ ಇಟ್ಟುಕೊಳ್ಳುವುದನ್ನು ದುಬಾರಿ ಮಾಡುವುದೇ ಉದ್ದೇಶವಾದರೆ ಅದು ಈಡೇರಬಹುದು. ಆದರೆ ಶುಲ್ಕದ ಹೆದರಿಕೆಗೆ ನವೀಕರಣವನ್ನೇ ಬಿಟ್ಟು ಓಡಿಸುವ ಬೈಕು ತಪಾಸಣೆಗೂ ಸಿಗದು, ವಿಮೆಗೂ ಸಿಗದು.

ವಿಮೆಯಲ್ಲೇ ಒಂದು ದಾರಿಯಿದೆ. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಮೂರನೇ ವ್ಯಕ್ತಿ ವಿಮೆ ಒಟ್ಟಿಗೆ ಕಡ್ಡಾಯ. ಆರನೇ ವರ್ಷದಲ್ಲಿ ಗ್ರಾಮೀಣ ಮಾಲೀಕ ಹಲವು ವೇಳೆ ನವೀಕರಿಸುವುದಿಲ್ಲ. ಬೈಕಿನ ಬ್ರೇಕು, ಟಯರು ಮೊದಲ ಬಾರಿ ಪೂರ್ತಿ ಸವೆಯುವುದೂ ಸರಿಸುಮಾರು ಆ ಹೊತ್ತಿಗೇ. ಐದನೆಯ ಹಾಗೂ ಹತ್ತನೆಯ ವರ್ಷಕ್ಕೆ ಒಂದೊಂದು ತಪಾಸಣೆ, ಜೊತೆಗೆ ಬೈಕು ಮಾರಾಟವಾಗುವಾಗ ಒಂದು. ಇಷ್ಟು ಸಾಕು ಎಂಬುದು ನನ್ನ ಅಭಿಪ್ರಾಯ. ನೋಡಬೇಕಾದುದು ಐದೇ ಸಂಗತಿ: ಎರಡೂ ಬ್ರೇಕು, ಟಯರಿನ ಗೀರಿನ ಆಳ (ನಿಯಮದಂತೆ ಕನಿಷ್ಠ 0.8 ಮಿಲಿಮೀಟರ್), ಮುಂದಿನ ಹಿಂದಿನ ದೀಪಗಳು, ಸೈಲೆನ್ಸರು, ನಂಬರ್ ಪ್ಲೇಟು. ಹದಿನೈದು ನಿಮಿಷದ ಕೆಲಸ. ಇದಕ್ಕೆ ಮುದ್ದೇಬಿಹಾಳದ ರೈತ ಜಿಲ್ಲಾ ಕೇಂದ್ರಕ್ಕೆ ಒಂದು ದಿನದ ಕೂಲಿ ಕಳೆದುಕೊಂಡು ಹೋಗುವಂತಾಗಬಾರದು. ಐಟಿಐಗಳಿವೆ, ಕಂಪನಿಗಳ ಅಧಿಕೃತ ಸೇವಾ ಕೇಂದ್ರಗಳಿವೆ. 2021ರ ಬಳಿಕ ಸ್ವಯಂಚಾಲಿತ ತಪಾಸಣಾ ಕೇಂದ್ರಗಳ ಬಗ್ಗೆ ಕೇಂದ್ರ ಬಹಳ ಮಾತನಾಡಿದೆ; ಆ ಯೋಜನೆಯ ದೃಷ್ಟಿ ಬಹುಮಟ್ಟಿಗೆ ಲಾರಿ ಬಸ್ಸುಗಳ ಮೇಲೆ ನೆಟ್ಟಿದೆ. ಸೋತ ಬೈಕಿಗೆ ದಂಡವಲ್ಲ, ಹದಿನೈದು ದಿನದ ಗಡುವು ಕೊಡಬೇಕು. ಒಂದು ಜೊತೆ ಬ್ರೇಕ್ ಶೂ ಬೆಲೆ ಕೆಲವು ನೂರು ರೂಪಾಯಿ.

ಇದಕ್ಕೆ ಕೇಂದ್ರದ ನಿಯಮ ತಿದ್ದುಪಡಿಯಾಗಬೇಕು, ಏಕೆಂದರೆ 56ನೇ ಕಲಂನ ಅರ್ಹತಾ ಪತ್ರ ಸಾರಿಗೆ ವಾಹನಗಳಿಗೆ ಮಾತ್ರ ಸೀಮಿತ. ಆದರೆ ಅದು ಬರುವವರೆಗೆ ರಾಜ್ಯ ಕೈಕಟ್ಟಿ ಕೂರಬೇಕಿಲ್ಲ. ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಬಹುದಾಗಿದ್ದ ದೋಷವುಳ್ಳ ವಾಹನ ಓಡಿಸಿದರೆ 1,500 ರೂಪಾಯಿ ದಂಡ ಎಂದು 190ನೇ ಕಲಂನ ಮೊದಲ ಉಪಕಲಂ ಹೇಳುತ್ತದೆ. ಸಾರ್ವಜನಿಕರಿಗೆ ಅಪಾಯಕಾರಿಯಾದ ವಾಹನದ ನೋಂದಣಿಯನ್ನು ದೋಷ ಸರಿಪಡಿಸುವವರೆಗೆ ಅಮಾನತಿನಲ್ಲಿಡಲು 53ನೇ ಕಲಂ ಅಧಿಕಾರ ಕೊಡುತ್ತದೆ. ಎರಡೂ ಪುಸ್ತಕದಲ್ಲಿವೆ, ಎರಡನೇ ಉಪಕಲಂಗೆ ಸಿಕ್ಕ ಪ್ರಚಾರ ಮೊದಲನೆಯದಕ್ಕೆ ಸಿಕ್ಕಿಲ್ಲ. ಹಾಗೆಯೇ ಸೈಲೆನ್ಸರ್ ಮಾರುವ ಅಂಗಡಿಯನ್ನು ಬಿಟ್ಟು ಹಾಕಿಸಿಕೊಂಡ ಹುಡುಗನನ್ನಷ್ಟೇ ಹಿಡಿಯುವುದು ಕಳ್ಳಬಟ್ಟಿ ಬಿಟ್ಟು ಕುಡಿದವನನ್ನು ಹಿಡಿದಂತೆ. ಸುರಕ್ಷತೆಗೆ ನಿರ್ಣಾಯಕವೆಂದು ಅಧಿಸೂಚಿಸಿದ ಬಿಡಿಭಾಗವನ್ನು ನಿಯಮಬಾಹಿರವಾಗಿ ಮಾರಿದರೆ ಒಂದೊಂದಕ್ಕೂ ಒಂದು ಲಕ್ಷದ ದಂಡ ಎಂದು 182ಎ ಕಲಂನಲ್ಲೇ ಇದೆ. ಸೈಲೆನ್ಸರು, ಬ್ರೇಕ್ ಶೂ, ಹೆಡ್‌ಲೈಟುಗಳನ್ನು ಆ ಪಟ್ಟಿಯಲ್ಲಿ ಕಟ್ಟುನಿಟ್ಟಾಗಿ ಜಾರಿಗೊಳಿಸಲಿ.

ಹಾಲಿನ ಕ್ಯಾನಿನ ವಿಷಯದಲ್ಲಿ ವಿಜಯಪುರ ಮತ್ತು ಬಾಗಲಕೋಟೆಯ ಹಾಲು ಒಕ್ಕೂಟವೇ ಮುಂದಾಗಬಹುದು. ಒಂದು ಪಕ್ಕಕ್ಕೆ ಇಷ್ಟೇ ಅಗಲ, ಇಷ್ಟೇ ತೂಕ, ದೀಪ ಮುಚ್ಚದಂತೆ ಇಂತಹ ಚೌಕಟ್ಟು ಎಂಬ ವಿನ್ಯಾಸವೊಂದನ್ನು ಪುಣೆಯ ಸಂಸ್ಥೆಯಿಂದ ಮಾಡಿಸಿ, ಒಪ್ಪಿಗೆ ಕೋರಿ ಕೇಂದ್ರಕ್ಕೆ ಕಳಿಸಲು ದೊಡ್ಡ ಹಣ ಬೇಕಾಗದು. ಊಟದ ಪೆಟ್ಟಿಗೆಗೆ ಬರೆದ ನಿಯಮಕ್ಕೆ ಇನ್ನೊಂದು ಉಪನಿಯಮ ಸೇರಿದರೆ ಸಾಕು.

ಮಾರಾಟದ ವೇಳೆಯ ತಪಾಸಣೆಗೆ ಹೊಸ ನಮೂನೆಯನ್ನೂ ಹುಡುಕಬೇಕಿಲ್ಲ. ಅಪಘಾತದ ನಂತರ ಮೋಟಾರು ವಾಹನ ನಿರೀಕ್ಷಕರು ಠಾಣೆಯ ಆವರಣದಲ್ಲಿ ತುಂಬುವ ವರದಿಯಲ್ಲಿ ಮುಂದಿನ ಬ್ರೇಕಿಗೆ, ಹಿಂದಿನ ಬ್ರೇಕಿಗೆ, ಟಯರಿಗೆ, ದೀಪಕ್ಕೆ ಜಾಗವಿದೆ. ನನ್ನ ಸಹಪಾಠಿಯ ಮೊಮ್ಮಗನ ಬೈಕಿನ ವರದಿಯನ್ನು ನಾನು ಓದಿದ್ದೇನೆ. ಬ್ರೇಕಿನ ಎದುರು 'ಜಖಂ ಆಗಿರುವುದರಿಂದ ಪರೀಕ್ಷಿಸಲು ಸಾಧ್ಯವಾಗಿಲ್ಲ' ಎಂದಿತ್ತು. ಕೊನೆಗೆ, ಯಾಂತ್ರಿಕ ದೋಷ ಇರಲಿಲ್ಲ ಎಂದಿತ್ತು. ಅದೇ ಹಾಳೆಯನ್ನು ಆ ಬೈಕು ಸಂತೆಯಲ್ಲಿ ಕೈ ಬದಲಾದ ದಿನ ಒಬ್ಬ ಮೆಕ್ಯಾನಿಕ್ ತುಂಬಿ ಸಹಿ ಮಾಡಿದ್ದರೆ ಅಜ್ಜನ ಪ್ರಶ್ನೆಗೆ ಅಂದೇ ಉತ್ತರ ಸಿಗುತ್ತಿತ್ತು.